ಶಾಲೆ ಎದುರಿನ ಅಂಗಡಿ ಮತ್ತು ಮಕ್ಕಳ ಬೊಜ್ಜು: ಗಡಿ ಹಳ್ಳಿಗಳ ಪೋಷಕರಿಗೆ ಮಾಹಿತಿ

ಊರಿನಲ್ಲಿ ಫಾಸ್ಟ್ ಫುಡ್ ಅಂಗಡಿ ಹೆಚ್ಚಾದರೆ ಚಿಕ್ಕ ಮಕ್ಕಳಿಗೆ ಬೊಜ್ಜು ಬರುತ್ತದೆಯೇ? ಬರುತ್ತದೆ ಎಂದೇ ಹಲವರು ನಂಬಿದ್ದಾರೆ. ಸಂಶೋಧಕರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಅವರಿಗೆ ಸಿಕ್ಕಿರುವ ಉತ್ತರ ಮಗುವಿನ ವಯಸ್ಸಿಗೆ ತಕ್ಕಂತೆ ಬೇರೆ ಬೇರೆಯಾಗಿದೆ. ಶಾಲೆಗೆ ನಡೆದು ಹೋಗುವ ಮಗುವಿಗೆ ಅಂಗಡಿ ಎಷ್ಟು ಹತ್ತಿರ ಎಂಬುದು ಮುಖ್ಯ. ಅಂಗನವಾಡಿ ವಯಸ್ಸಿನ ಮಗುವಿಗೆ ಅಂಗಡಿಗಿಂತ, ಅಲ್ಲಿಂದ ತಂದುಕೊಡುವ ದೊಡ್ಡವರ ಕೈ ಮುಖ್ಯ. ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮಾತಿನ ಹಳ್ಳಿಗಳ ಪೋಷಕರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ.

ನಮ್ಮೂರಿನ ಫಾಸ್ಟ್ ಫುಡ್ ಯಾವುದು

ಅಮೆರಿಕದ ಅಧ್ಯಯನಗಳಲ್ಲಿ ಫಾಸ್ಟ್ ಫುಡ್ ಎಂದರೆ ಬರ್ಗರ್, ಪಿಜ್ಜಾ, ಕರಿದ ಕೋಳಿ ಮಾರುವ ದೊಡ್ಡ ಕಂಪನಿಗಳ ಹೋಟೆಲ್. ಅಂಥ ಕಂಪನಿಗಳಲ್ಲಿ ಒಂದಾದ ಕೆಎಫ್‌ಸಿ ಭಾರತದಲ್ಲಿ ತನ್ನ ಮೊದಲ ಹೋಟೆಲ್ ತೆರೆದದ್ದು ನಮ್ಮ ನೆರೆಯ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ, 1995ರಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ಕರ್ನಾಟಕ ರಾಜ್ಯ ರೈತ ಸಂಘದ ಕಾರ್ಯಕರ್ತರು 1996ರ ಜನವರಿ 30ರಂದು ಆ ಹೋಟೆಲಿಗೆ ನುಗ್ಗಿದ ಸುದ್ದಿ ಹಿರಿಯ ಓದುಗರಿಗೆ ನೆನಪಿರಬಹುದು. ವಿದೇಶಿ ಕಂಪನಿ ಮತ್ತು ರೈತರ ಬದುಕು ಅಂದಿನ ಹೋರಾಟದ ಮುಖ್ಯ ವಿಷಯವಾಗಿತ್ತು. ಮಕ್ಕಳ ಬೊಜ್ಜಿನ ಮಾತು ಇನ್ನೂ ಅಷ್ಟಾಗಿ ಎದ್ದಿರಲಿಲ್ಲ.

ಪೆನ್ನಾಗರಂ, ಪಾಲಕ್ಕೋಡು, ಮೇಟ್ಟೂರು, ಕೊಳತ್ತೂರು ಸುತ್ತಿನ ಹಳ್ಳಿಗಳಲ್ಲಿ ಇಂಥ ಹೋಟೆಲನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಇಲ್ಲಿ 'ಫಾಸ್ಟ್ ಫುಡ್' ಎಂದು ಬೋರ್ಡು ಇರುವುದು ಸಂಜೆ ದೀಪ ಹಾಕಿಕೊಂಡು ನಿಲ್ಲುವ ತಳ್ಳುಗಾಡಿಗೆ. ಫ್ರೈಡ್ ರೈಸ್, ನೂಡಲ್ಸ್, ಗೋಬಿ ಮಂಚೂರಿ, ಚಿಕನ್ 65 ಅಲ್ಲಿ ಸಿಗುತ್ತವೆ. ಅದರ ಪಕ್ಕದಲ್ಲೇ ಪರೋಟ ಕಲ್ಲು. ಸೇಲಂ ಪಟ್ಟಣದೊಳಗೆ ಹೋದರೆ ತಟ್ಟುವಡೆ ಸೆಟ್ಟು ಬೇರೆ. (ಕ್ಯಾರೆಟ್, ಬೀಟ್‌ರೂಟ್ ತುರಿ ಹಾಕುತ್ತಾರಾದ್ದರಿಂದ ಇವುಗಳ ನಡುವೆ ತಟ್ಟುವಡೆ ಸೆಟ್ಟಿಗೆ ಒಂದೆರಡು ಅಂಕ ಹೆಚ್ಚು ಕೊಡಬಹುದು, ಆದರೆ ವಡೆ ಎಣ್ಣೆಯಲ್ಲಿ ಕರಿದದ್ದೇ.) ಬಸ್ ನಿಲ್ದಾಣ ಇರುವ ಊರಾದರೆ ಬೇಕರಿ ಇದ್ದೇ ಇರುತ್ತದೆ.

ಆದರೆ ಐದಾರು ವರ್ಷದ ಮಗುವಿನ ಮಟ್ಟಿಗೆ ಇವೆಲ್ಲಕ್ಕಿಂತ ಹತ್ತಿರದ್ದು ಪೆಟ್ಟಿ ಅಂಗಡಿ. ಬಾಗಿಲಲ್ಲಿ ಸರದಂತೆ ತೂಗುಬಿಟ್ಟ ಐದು ರೂಪಾಯಿ ಪೊಟ್ಟಣಗಳು, ಹತ್ತು ರೂಪಾಯಿಯ ಬಣ್ಣದ ಪಾನೀಯ, ಡಬ್ಬಿಯಲ್ಲಿ ಕ್ರೀಮ್ ಬಿಸ್ಕತ್ತು. ಶಾಲೆ ಇರುವ ಬಹುತೇಕ ಬೀದಿಗಳಲ್ಲಿ ಇಂಥದ್ದೊಂದು ಅಂಗಡಿ ಇದೆ. ಅಮೆರಿಕದವರು ಬರ್ಗರ್ ಹೋಟೆಲಿಗೆ ದೂರ ಅಳೆದಂತೆ ನಾವು ಅಳೆಯಬೇಕಾದದ್ದು ಈ ಅಂಗಡಿಗೆ. ಈ ಲೇಖನದಲ್ಲಿ ಫಾಸ್ಟ್ ಫುಡ್ ಎಂದಾಗಲೆಲ್ಲ ಪೊಟ್ಟಣದ ತಿಂಡಿಯೂ ಸೇರಿದೆ ಎಂದು ತಿಳಿಯಬೇಕು.

ದಪ್ಪ ಎಂದರೆ ಎಷ್ಟು ದಪ್ಪ

ನಮ್ಮಲ್ಲಿ ಮಗು ಮೈತುಂಬಿಕೊಂಡಿದ್ದರೆ ಸಂತೋಷ. ತಮಿಳಿನವರು 'ಕೊಳು ಕೊಳು' ಎಂದು ಕೆನ್ನೆ ಹಿಂಡುತ್ತಾರೆ, ನಾವು ದೃಷ್ಟಿ ಬೊಟ್ಟು ಇಡುತ್ತೇವೆ. ಮಗು ದಪ್ಪಗಿದೆ ಎಂದು ಬಾಯಿಬಿಟ್ಟು ಹೇಳುವುದೇ ತಪ್ಪು ಎಂದು ಭಾವಿಸುವ ಅಜ್ಜಿಯರೂ ಇದ್ದಾರೆ. ಹೀಗಾಗಿ ಕಣ್ಣಳತೆಯನ್ನು ನಂಬುವಂತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 5 ವರ್ಷದೊಳಗಿನ ಮಗುವಿಗೆ ಎತ್ತರಕ್ಕೆ ತಕ್ಕ ತೂಕ ನೋಡುತ್ತಾರೆ. ಉದಾಹರಣೆಗೆ, 100 ಸೆಂಟಿಮೀಟರ್ ಎತ್ತರದ ಗಂಡು ಮಗುವಿನ ನಡುಮಟ್ಟದ ತೂಕ 15 ಕಿಲೊಗಿಂತ ಸ್ವಲ್ಪ ಹೆಚ್ಚು. ಅದೇ ಎತ್ತರಕ್ಕೆ 18 ಕಿಲೊ ದಾಟಿ ಮುಂದೆ ಹೋದರೆ ಅಧಿಕ ತೂಕದ ಗೆರೆಯ ಬಳಿ ಬಂದಂತೆ. 5 ವರ್ಷದ ಮೇಲೆ ಬಿಎಂಐ ಲೆಕ್ಕ, ಅಂದರೆ ಕಿಲೊ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. ದೊಡ್ಡವರಿಗೆ ಹೇಳುವ 25 ಎಂಬ ಗೆರೆ ಮಕ್ಕಳಿಗೆ ಹೊಂದುವುದಿಲ್ಲ. ಮಕ್ಕಳಿಗೆ ವಯಸ್ಸು, ಗಂಡು-ಹೆಣ್ಣು ನೋಡಿ ಬೇರೆ ಪಟ್ಟಿ ಇದೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ಹಾಕುವಾಗ ಎತ್ತರವನ್ನೂ ಅಳೆಸಿ, ಎರಡನ್ನೂ ಒಟ್ಟಿಗೆ ನೋಡಲು ಕೇಳಿ. ತೂಕ ಒಂದನ್ನೇ ನೋಡಿದರೆ ಕುಳ್ಳಗೆ ದಪ್ಪಗಿರುವ ಮಗು ಸರಿಯಾಗಿಯೇ ಇದೆ ಎಂದು ಕಾಣುತ್ತದೆ.

ಅಂಕಿ ಅಂಶಗಳನ್ನು ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 3.4ರಷ್ಟು ಮಂದಿಗೆ ಅಧಿಕ ತೂಕ. 2015-16ರಲ್ಲಿ ಇದು ಶೇ. 2.1 ಇತ್ತು. ತಮಿಳುನಾಡಿನಲ್ಲಿ ಶೇ. 5ರಿಂದ 4.3ಕ್ಕೆ ಇಳಿದಿದ್ದರೂ ದೇಶದ ಸರಾಸರಿಗಿಂತ ಮೇಲೆಯೇ ಇದೆ. ಅದೇ ಸಮೀಕ್ಷೆಯಲ್ಲಿ ತಮಿಳುನಾಡಿನ ನಾಲ್ಕು ಮಕ್ಕಳಲ್ಲಿ ಒಂದು ವಯಸ್ಸಿಗೆ ತಕ್ಕ ಎತ್ತರವಿಲ್ಲದ್ದು, ಶೇ. 57ರಷ್ಟು ಮಕ್ಕಳಿಗೆ ರಕ್ತಹೀನತೆ. ಮಹಿಳೆಯರಲ್ಲಿ ಅಧಿಕ ತೂಕ ಶೇ. 31ರಿಂದ 40ಕ್ಕೆ ಏರಿದೆ. ಅಂದರೆ ಒಂದೇ ಮನೆಯಲ್ಲಿ ತೂಕ ಹೆಚ್ಚಿದ ತಾಯಿ, ರಕ್ತ ಕಡಿಮೆಯಿರುವ ಮಗು ಇರುವುದು ಈಗ ಅಪರೂಪವಲ್ಲ.

ಶಾಲಾ ವಯಸ್ಸಿನ ಮಕ್ಕಳ ಲೆಕ್ಕ ಇನ್ನೂ ವೇಗವಾಗಿ ಬೆಳೆದಿದೆ. ಲ್ಯಾನ್ಸೆಟ್ ಪತ್ರಿಕೆಯಲ್ಲಿ 2024ರಲ್ಲಿ ಬಂದ ಜಾಗತಿಕ ವರದಿಯ ಪ್ರಕಾರ 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದವರಲ್ಲಿ ಸುಮಾರು 4 ಲಕ್ಷ ಮಂದಿಗೆ ಬೊಜ್ಜು ಇತ್ತು. 2022ರಲ್ಲಿ ಅದು ಸುಮಾರು 1 ಕೋಟಿ 25 ಲಕ್ಷ.

ಅಂಗಡಿ ಹತ್ತಿರವಿದ್ದರೆ: ಅಧ್ಯಯನಗಳು ಏನು ಹೇಳುತ್ತವೆ

ಮೊದಲಿಗೆ ಚಿಕ್ಕ ಮಕ್ಕಳ ವಿಷಯ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 3 ಮತ್ತು 4 ವರ್ಷದ 7,020 ಬಡ ಮಕ್ಕಳ ಮನೆಗಳಿಂದ ಹತ್ತಿರದ ಫಾಸ್ಟ್ ಫುಡ್ ಹೋಟೆಲಿಗೆ ಎಷ್ಟು ದೂರ, ಆಟದ ಮೈದಾನಕ್ಕೆ ಎಷ್ಟು ದೂರ ಎಂದು ಬರ್ಡೆಟ್ ಮತ್ತು ವಿಟೇಕರ್ ಎಂಬ ಸಂಶೋಧಕರು ಅಳೆದರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೋಟೆಲ್ ಹತ್ತಿರವಿದ್ದ ಮಕ್ಕಳು ಹೆಚ್ಚು ದಪ್ಪಗಿರಲಿಲ್ಲ. ಮೈದಾನ ಹತ್ತಿರವಿದ್ದವರು ತೆಳ್ಳಗೂ ಇರಲಿಲ್ಲ. ದೂರಕ್ಕೂ ತೂಕಕ್ಕೂ ಸಂಬಂಧವೇ ಕಾಣಲಿಲ್ಲ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಮೂರು ವರ್ಷದ ಮಗು ತಾನಾಗಿ ಹೋಟೆಲಿಗೆ ಹೋಗುವುದಿಲ್ಲ, ಅದರ ಕೈಯಲ್ಲಿ ಕಾಸೂ ಇರುವುದಿಲ್ಲ. ಅಮೆರಿಕದಲ್ಲಿ ತಂದೆ ತಾಯಿ ಕಾರಿನಲ್ಲಿ ಹೋಗುವುದರಿಂದ ಒಂದು ಕಿಲೊಮೀಟರ್, ಮೂರು ಕಿಲೊಮೀಟರ್ ಎರಡೂ ಅವರಿಗೆ ಒಂದೇ. ಅಂಗಡಿಗಳನ್ನು ಎಣಿಸಿದರೆ ಮಗುವಿನ ಊಟ ತಿಳಿಯುವುದಿಲ್ಲ ಎಂಬುದಷ್ಟೇ ಈ ಅಧ್ಯಯನದಿಂದ ಖಚಿತವಾಯಿತು. ಫಾಸ್ಟ್ ಫುಡ್‌ನಿಂದ ಏನೂ ಆಗುವುದಿಲ್ಲ ಎಂದು ಅದನ್ನು ಓದಿಕೊಳ್ಳಬಾರದು.

ಮಕ್ಕಳು ಬೆಳೆದು ತಾವೇ ಕಾಸು ಹಿಡಿದು ನಡೆಯತೊಡಗಿದರೆ ಚಿತ್ರ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಥಶಾಸ್ತ್ರಜ್ಞೆ ಜಾನೆಟ್ ಕರೀ ಮತ್ತು ಸಂಗಡಿಗರು ಒಂಬತ್ತನೇ ತರಗತಿಯ ಲಕ್ಷಾಂತರ ಮಕ್ಕಳ ಮಾಹಿತಿ ಪರಿಶೀಲಿಸಿ 2010ರಲ್ಲಿ ವರದಿ ಮಾಡಿದರು. ಶಾಲೆಯಿಂದ ಸುಮಾರು 160 ಮೀಟರ್ ಒಳಗೆ ಫಾಸ್ಟ್ ಫುಡ್ ಹೋಟೆಲ್ ಇದ್ದ ಕಡೆ ಬೊಜ್ಜಿನ ಪ್ರಮಾಣ ಶೇ. 5ರಷ್ಟು ಹೆಚ್ಚಿತ್ತು. ಅದೇ ಹೋಟೆಲ್ 400 ಮೀಟರ್ ದೂರದಲ್ಲಿದ್ದರೆ ಪರಿಣಾಮ ಕಾಣಲಿಲ್ಲ. ಇಲ್ಲಿ ಒಂದು ಎಚ್ಚರಿಕೆ: ನೂರಕ್ಕೆ ಐದು ಮಕ್ಕಳು ಹೊಸದಾಗಿ ದಪ್ಪಗಾದರು ಎಂದು ಇದರ ಅರ್ಥವಲ್ಲ. ಮೊದಲು ನೂರು ಮಂದಿ ಬೊಜ್ಜಿನ ಮಕ್ಕಳಿದ್ದ ಕಡೆ 105 ಮಂದಿ ಆದರು ಎಂದು ಅರ್ಥ. ಪತ್ರಿಕೆಗಳಲ್ಲಿ ಇಂಥ ಸಂಖ್ಯೆ ಬಂದಾಗ ಈ ವ್ಯತ್ಯಾಸ ಕಳೆದುಹೋಗುವುದೇ ಹೆಚ್ಚು.

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳ ಮಕ್ಕಳ ಬಗ್ಗೆ 2019ರಲ್ಲಿ ಬಂದ ಅಧ್ಯಯನದಲ್ಲೂ ಮನೆಯಿಂದ ಕೇವಲ 40 ಮೀಟರ್ ಆಚೆಗೆ ಫಾಸ್ಟ್ ಫುಡ್ ಸರಿದರೂ ಬೊಜ್ಜು ಸ್ವಲ್ಪ ಕಡಿಮೆಯಾದದ್ದು ಕಂಡಿತು. ಪರಿಣಾಮ ದೊಡ್ಡದಲ್ಲ. ಆದರೆ ಕಾಲು ನಡೆಯುವ ದೂರದಲ್ಲಿ ಮಾತ್ರ ಕಾಣುತ್ತದೆ ಎಂಬ ಅಂಶ ಎರಡೂ ಕಡೆ ಒಂದೇ.

ಇದಕ್ಕೆ ಇನ್ನೊಂದು ಮುಖವಿದೆ. ಅಂಗಡಿಯವರು ಗಿರಾಕಿ ಇರುವ ಕಡೆಯೇ ಅಂಗಡಿ ಇಡುತ್ತಾರೆ. ಬಸ್ ನಿಲ್ಲುವ, ಕೂಲಿ ಕಾಸು ಓಡಾಡುವ ಊರಿನಲ್ಲಿ ಅಂಗಡಿಯೂ ಹೆಚ್ಚು, ಟಿವಿ ಮೊಬೈಲೂ ಹೆಚ್ಚು, ಮಕ್ಕಳು ಶಾಲೆಗೆ ವ್ಯಾನಿನಲ್ಲಿ ಹೋಗುವುದೂ ಹೆಚ್ಚು. ಇವುಗಳಲ್ಲಿ ಯಾವುದರಿಂದ ಮಗು ದಪ್ಪಗಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ. ಲಾಸ್ ಏಂಜಲೀಸ್ ನಗರದ ದಕ್ಷಿಣ ಭಾಗದಲ್ಲಿ 2008ರಲ್ಲಿ ಹೊಸ ಫಾಸ್ಟ್ ಫುಡ್ ಹೋಟೆಲ್‌ಗಳಿಗೆ ತಡೆ ಹಾಕಲಾಯಿತು. 2015ರಲ್ಲಿ ರ‍್ಯಾಂಡ್ ಸಂಸ್ಥೆ ಪರಿಶೀಲಿಸಿದಾಗ ಅಲ್ಲಿ ದೊಡ್ಡವರ ಬೊಜ್ಜು ಇಳಿದಿರಲಿಲ್ಲ, ಉಳಿದ ಕಡೆಗಿಂತ ಹೆಚ್ಚೇ ಏರಿತ್ತು. ತಡೆ ಇದ್ದದ್ದು ಪ್ರತ್ಯೇಕ ಕಟ್ಟಡದ ಹೊಸ ಹೋಟೆಲ್‌ಗಳಿಗೆ ಮಾತ್ರ. ಹಳೆಯವು ಹಾಗೇ ಇದ್ದವು, ಸಣ್ಣ ಅಂಗಡಿಗಳಿಗೆ ತಡೆಯೇ ಇರಲಿಲ್ಲ. ನಮ್ಮ ಊರುಗಳ ಪೆಟ್ಟಿ ಅಂಗಡಿಯ ಲೆಕ್ಕ ಹಾಕುವವರು ಈ ಅನುಭವವನ್ನು ಮರೆಯಬಾರದು.

ತೆಳ್ಳಗೆ ಹುಟ್ಟಿದ ಮಗುವಿಗೆ ಅಪಾಯ ಹೆಚ್ಚು

ನಮ್ಮ ಮಗು ಒಣಗಿದಂತಿದೆ, ಚಿಪ್ಸ್ ತಿಂದಾದರೂ ಸ್ವಲ್ಪ ಮೈ ಬರಲಿ ಎಂದು ಹೇಳುವ ಪೋಷಕರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಸುತ್ತಲಿನ ಹಳ್ಳಿಗಳ ಗರ್ಭಿಣಿಯರು ಮತ್ತು ಮಕ್ಕಳನ್ನು ಗಮನಿಸುತ್ತ ಬಂದರು. ಅಲ್ಲಿ ಹುಟ್ಟುವ ಮಗುವಿನ ಸರಾಸರಿ ತೂಕ 2.7 ಕಿಲೊ. ಇಂಗ್ಲೆಂಡಿನ ಮಗುವಿಗಿಂತ ಇದು ಬಹಳ ಕಡಿಮೆ. ಕಡಿಮೆಯಾದದ್ದು ಹೆಚ್ಚಾಗಿ ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಹೊರಗೆ ತೆಳು, ಒಳಗೆ ಕೊಬ್ಬು. ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ತಮ್ಮ ದೇಹವನ್ನೇ ಅಳೆದು ತೋರಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2!

ಇದರ ಮುಂದಿನ ಕೊಂಡಿ ದೆಹಲಿಯದು. ಅಲ್ಲಿ ಹುಟ್ಟಿದಾಗಿನಿಂದ ತೂಕ ಎತ್ತರ ಬರೆದಿಟ್ಟಿದ್ದ 1,492 ಮಂದಿಯನ್ನು ಅವರ 26ರಿಂದ 32ನೇ ವಯಸ್ಸಿನಲ್ಲಿ ಪರೀಕ್ಷಿಸಿ 2004ರಲ್ಲಿ ವರದಿ ಮಾಡಲಾಯಿತು. ಸಕ್ಕರೆ ಕಾಯಿಲೆ ಅಥವಾ ಅದರ ಮುನ್ಸೂಚನೆ ಬಂದವರು ಚಿಕ್ಕಂದಿನಲ್ಲಿ ದಪ್ಪಗಿದ್ದವರಲ್ಲ. ಎರಡು ವರ್ಷದವರೆಗೆ ತೆಳ್ಳಗಿದ್ದು, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡವರು. ಹನ್ನೆರಡನೇ ವಯಸ್ಸಿನಲ್ಲೂ ಅವರಲ್ಲಿ ಯಾರೂ ಬೊಜ್ಜಿನ ಮಕ್ಕಳಾಗಿರಲಿಲ್ಲ.

ಸಾಮಾನ್ಯವಾಗಿ ಮಗು ಒಂದು ವರ್ಷ ದಾಟಿದ ಮೇಲೆ ಬಿಎಂಐ ನಿಧಾನವಾಗಿ ಇಳಿದು, 5-6 ವರ್ಷದ ಹೊತ್ತಿಗೆ ಮತ್ತೆ ಏರತೊಡಗುತ್ತದೆ. ನಾಲ್ಕು ವರ್ಷದ ಮಗು ಎಳೆಗೂಸಾಗಿದ್ದಾಗ ಇದ್ದದ್ದಕ್ಕಿಂತ ತೆಳ್ಳಗೆ ಕಾಣುವುದು ಸಹಜ. ಆ ಏರಿಕೆ ಬೇಗ ಶುರುವಾದರೆ ಮುಂದೆ ತೊಂದರೆ. ಮಗು ಇಳಿದುಹೋಯಿತು ಎಂದು ಗಾಬರಿಯಾಗಿ ಎಣ್ಣೆ, ಸಕ್ಕರೆ ತುಂಬುವ ವಯಸ್ಸೂ ಇದೇ ಆಗಿರುವುದು ನಮ್ಮ ದುರದೃಷ್ಟ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಪಾರ್ಥೆನಾನ್ ಅಧ್ಯಯನ ತಾಯಿಯ ಕಡೆಯ ಕಾರಣವನ್ನು ತೋರಿಸಿತು. ಗರ್ಭಿಣಿಯಾಗಿದ್ದಾಗ ತಾಯಿಗೆ ಸಕ್ಕರೆ ಹೆಚ್ಚಿದ್ದರೆ, ಐದು ವರ್ಷದ ಹೊತ್ತಿಗೆ ಅವರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು ಸೇರಿರುತ್ತಿತ್ತು. ಊರಲ್ಲಿ ಯಾವ ಅಂಗಡಿ ಇದ್ದರೂ ಇಲ್ಲದಿದ್ದರೂ ಇದು ನಡೆಯುತ್ತದೆ. ಗರ್ಭಿಣಿಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆ ತಪ್ಪಿಸಿಕೊಳ್ಳಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಐದು ರೂಪಾಯಿಯ ಲೆಕ್ಕ

ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1,350 ಕ್ಯಾಲೊರಿ. ಆಲೂಗಡ್ಡೆ ಚಿಪ್ಸ್ 100 ಗ್ರಾಂ ತಿಂದರೆ 500ಕ್ಕೂ ಹೆಚ್ಚು ಕ್ಯಾಲೊರಿ. ಅದರಲ್ಲಿ ಮೂರನೇ ಒಂದು ಪಾಲು ಬರೀ ಎಣ್ಣೆ. ಐದು ರೂಪಾಯಿ ಪೊಟ್ಟಣದಲ್ಲಿ ಇರುವುದು ಹತ್ತು ಹನ್ನೆರಡು ಗ್ರಾಂ ಮಾತ್ರ, ಅಂದರೆ ಸುಮಾರು 60 ಕ್ಯಾಲೊರಿ. ಒಂದು ಪೊಟ್ಟಣಕ್ಕೆ ಯಾವ ಮಗುವೂ ದಪ್ಪಗಾಗುವುದಿಲ್ಲ. ಆದರೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಒಂದು, ಸಂಜೆ ಬರುವಾಗ ಒಂದು, ಅಳು ನಿಲ್ಲಿಸಲು ಒಂದು ಬಣ್ಣದ ಪಾನೀಯ ಎಂದರೆ ಸುಮಾರು 200 ಕ್ಯಾಲೊರಿ ಆಗಿಹೋಗುತ್ತದೆ. ಸಿಹಿ ಪಾನೀಯದ 100 ಮಿಲಿಯಲ್ಲಿ 10 ಗ್ರಾಂನಷ್ಟು ಸಕ್ಕರೆ ಇರುತ್ತದೆ. 300 ಮಿಲಿ ಬಾಟಲಿ ಕುಡಿದರೆ ಏಳೆಂಟು ಚಮಚ ಸಕ್ಕರೆ ಹೊಟ್ಟೆಗೆ ಹೋದಂತೆ. ಕಾಫಿಗೆ ಇಷ್ಟು ಸಕ್ಕರೆ ಹಾಕಿ ಕೊಟ್ಟರೆ ಯಾರಾದರೂ ಕುಡಿಯುತ್ತಾರೆಯೇ?

ಇಲ್ಲಿಂದ ಮುಂದೆ ಎರಡು ದಾರಿ. ಒಂದು ಮಗು ಇದನ್ನೂ ತಿಂದು ಊಟವನ್ನೂ ಮಾಡುತ್ತದೆ. ಅದರ ತೂಕ ಏರುತ್ತದೆ. ಇನ್ನೊಂದು ಮಗು ಹೊಟ್ಟೆ ತುಂಬಿತು ಎಂದು ಅನ್ನ ಸಾರು ಬಿಡುತ್ತದೆ. ಬೇಳೆ, ಸೊಪ್ಪು, ಮೊಟ್ಟೆ ಹೊಟ್ಟೆಗೆ ಸೇರದೆ ರಕ್ತ ಕಡಿಮೆಯಾಗಿ ಸೊರಗುತ್ತದೆ. ಒಂದೇ ಅಂಗಡಿ, ಒಂದೇ ಪೊಟ್ಟಣ. ನಮ್ಮ ಜಿಲ್ಲೆಗಳಲ್ಲಿ ಪೊಟ್ಟಣದ ತಿಂಡಿಯನ್ನು ಬೊಜ್ಜಿನ ಪ್ರಶ್ನೆಯಾಗಿ ಮಾತ್ರ ನೋಡಿದರೆ ಅರ್ಧ ಮಾತ್ರ ನೋಡಿದಂತಾಗುತ್ತದೆ.

ಕೊಡುವವರು ಯಾರು ಎಂಬುದನ್ನೂ ನೋಡಬೇಕು. ಧರ್ಮಪುರಿ ಕಡೆಯ ಎಷ್ಟೋ ಮನೆಗಳಲ್ಲಿ ತಂದೆ ತಾಯಿ ಬೆಂಗಳೂರು, ಹೊಸೂರು, ತಿರುಪ್ಪೂರು ಕಡೆ ಕೆಲಸಕ್ಕೆ ಹೋಗಿ ಮಕ್ಕಳು ಅಜ್ಜಿ ತಾತಂದಿರ ಬಳಿ ಬೆಳೆಯುತ್ತಿದ್ದಾರೆ. ಅಪ್ಪ ಅಮ್ಮ ಹತ್ತಿರವಿಲ್ಲದ ಮಗು ಕೈ ಚಾಚಿದಾಗ ಐದು ರೂಪಾಯಿ ಕೊಡದೆ ಇರಲು ಯಾವ ಅಜ್ಜಿಗೆ ಮನಸ್ಸು ಬರುತ್ತದೆ? ವಾರಕ್ಕೊಮ್ಮೆ ಬರುವ ಅಪ್ಪನ ಕೈಯಲ್ಲೂ ಬೇಕರಿ ಪೊಟ್ಟಣವೇ ಇರುತ್ತದೆ. ಇಲ್ಲಿ ಬೈದು ಪ್ರಯೋಜನವಿಲ್ಲ. ಅಜ್ಜಿಯ ಕೈಯಲ್ಲಿ ಕೊಡಲು ಬೇರೆ ಏನಾದರೂ ಇರಬೇಕು ಅಷ್ಟೆ. ಬೇಯಿಸಿದ ಕಡಲೆಕಾಯಿ, ಸುಂಡಲ್, ಕಡಲೆಮಿಠಾಯಿ, ಸೀಬೆಹಣ್ಣು, ಬಾಳೆಹಣ್ಣು ಇವೂ ಐದು ಹತ್ತು ರೂಪಾಯಿಗೆ ಸಿಗುವಂಥವೇ. ತೀರಾ ಚಿಕ್ಕ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅರೆದು ಅಥವಾ ಪುಡಿ ಮಾಡಿ ಕೊಡಬೇಕು.

ಹಬ್ಬಕ್ಕೆ, ಜಾತ್ರೆಗೆ ತಿನ್ನುವುದನ್ನು ಈ ಲೆಕ್ಕಕ್ಕೆ ಸೇರಿಸಬೇಕಿಲ್ಲ. ಆಡಿ ಹದಿನೆಂಟಕ್ಕೆ ಹೊಗೇನಕಲ್‌ಗೆ ಹೋಗಿ ಕರಿದ ಮೀನು ತಿಂದ ಮಗು ಅದರಿಂದ ದಪ್ಪಗಾಗುವುದಿಲ್ಲ. ದಿನ ನಿತ್ಯದ್ದೇ ಲೆಕ್ಕ.

ಬೆಲೆಯ ಮಾತು ಬಂದಾಗ ತೆರಿಗೆಯನ್ನೂ ಹೇಳಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ಬದಲಾವಣೆಯಲ್ಲಿ ಗ್ಯಾಸ್ ತುಂಬಿದ ಪಾನೀಯಗಳಿಗೆ ಶೇ. 40 ತೆರಿಗೆ ಬಿತ್ತು. ಅದೇ ದಿನ ಮಿಕ್ಸ್ಚರ್, ನೂಡಲ್ಸ್, ಬಿಸ್ಕತ್ತು, ಚಾಕಲೇಟುಗಳ ತೆರಿಗೆ ಶೇ. 5ಕ್ಕೆ ಇಳಿಯಿತು. ಮಗುವಿನ ಆರೋಗ್ಯದ ದೃಷ್ಟಿಯಿಂದ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು.

50 ಮೀಟರ್ ನಿಯಮ

ಶಾಲೆಯ ಬಳಿ ಬೀಡಿ ಸಿಗರೇಟು ಮಾರಬಾರದು ಎಂಬ ನಿಯಮ ಎಲ್ಲರಿಗೂ ಗೊತ್ತು. 2003ರ ಕಾನೂನಿನಂತೆ ಅದಕ್ಕೆ 100 ಗಜದ ಗಡಿ. ತಿಂಡಿಗೂ ಅಂಥದ್ದೊಂದು ಗಡಿ ಇದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಾಗಲಿ, ಹಾಸ್ಟೆಲ್ ಅಡಿಗೆಮನೆಯಲ್ಲಾಗಲಿ, ಶಾಲಾ ಆವರಣದಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ. ಶಾಲೆಯೊಳಗೆ ಅವುಗಳ ಜಾಹೀರಾತು ಹಾಕುವಂತಿಲ್ಲ. 2010ರಲ್ಲಿ ಉದಯ್ ಫೌಂಡೇಶನ್ ದೆಹಲಿ ಹೈಕೋರ್ಟಿಗೆ ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಿಂದ ಹುಟ್ಟಿದ ನಿಯಮ ಇದು.

50 ಮೀಟರ್ ಎಂದರೆ ದೊಡ್ಡವರ ನಡಿಗೆಯಲ್ಲಿ ಎಪ್ಪತ್ತು ಹೆಜ್ಜೆಯೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪರಿಣಾಮ ಕಂಡದ್ದು 160 ಮೀಟರ್‌ವರೆಗೆ. ಬ್ರಿಟನ್ನಿನ ಹಲವು ನಗರಸಭೆಗಳು ಶಾಲೆಯಿಂದ 400 ಮೀಟರ್ ಒಳಗೆ ಹೊಸ ಫಾಸ್ಟ್ ಫುಡ್ ಅಂಗಡಿಗೆ ಒಪ್ಪಿಗೆ ಕೊಡುವುದಿಲ್ಲ. ಹಾಗಿರುವಾಗ ನಮ್ಮ 50 ಮೀಟರ್ ಸಣ್ಣದೇ. ಆದರೂ ಹಳ್ಳಿಯಲ್ಲಿ ಅಂಗಡಿ ಇರುವುದು ಶಾಲೆಯ ಗೇಟಿನ ಎದುರಿಗೇ ಆದ್ದರಿಂದ, ಈ 50 ಮೀಟರನ್ನು ಸರಿಯಾಗಿ ಪಾಲಿಸಿದರೂ ಬಹಳ ಆಯಿತು.

ಅಂಗಡಿಯವರ ಮಾತನ್ನೂ ಕೇಳಬೇಕು. ಪೆಟ್ಟಿ ಅಂಗಡಿ ಇಟ್ಟಿರುವವರಲ್ಲಿ ಗಂಡನನ್ನು ಕಳೆದುಕೊಂಡವರು, ಅಂಗವಿಕಲರು, ವಯಸ್ಸಾದವರು ಹಲವರು. ಪೊಟ್ಟಣ ಕೆಡುವುದಿಲ್ಲ, ಕಂಪನಿಯವರೇ ತಂದು ತೂಗುಹಾಕಿ ಹೋಗುತ್ತಾರೆ. ಸೀಬೆಹಣ್ಣು ಎರಡು ದಿನಕ್ಕೆ ಕೊಳೆಯುತ್ತದೆ. ಅಂಗಡಿ ಮುಚ್ಚಿಸುವ ಮಾತಿಗಿಂತ, ಗೇಟಿಗೆ ಎದುರಾಗಿ ಪೊಟ್ಟಣ ತೂಗುಹಾಕಬೇಡಿ, ಶಾಲೆಯ ಹೊತ್ತಿನಲ್ಲಿ ಸುಂಡಲ್, ಕಡಲೆಮಿಠಾಯಿ ಮುಂದಿಡಿ ಎಂದು ಶಾಲಾ ನಿರ್ವಹಣಾ ಸಮಿತಿಯವರು ಕೂತು ಮಾತಾಡಿದರೆ ಒಪ್ಪುವವರೇ ಹೆಚ್ಚು. ಗ್ರಾಮ ಸಭೆಯಲ್ಲಿ ನಿರ್ಣಯವನ್ನೂ ಮಾಡಬಹುದು. ತಮಿಳುನಾಡಿನಲ್ಲಿ ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಗ್ರಾಮ ಸಭೆಯ ದಿನಗಳು. ದೂರು ಕೊಡಬೇಕಾದರೆ ಜಿಲ್ಲೆಯ ಆಹಾರ ಸುರಕ್ಷತಾ ಇಲಾಖೆಗೆ, ಅಂದರೆ ತಮಿಳಿನಲ್ಲಿ 'ಉಣವು ಪಾದುಕಾಪ್ಪು ತುರೈ' ಎಂದು ಬೋರ್ಡಿರುವ ಕಚೇರಿಗೆ ಬರೆಯಬೇಕು. ಅರ್ಜಿ ತಮಿಳಿನಲ್ಲಿದ್ದರೆ ಕೆಲಸ ಬೇಗ ಆಗುತ್ತದೆ.

ಬಣ್ಣದ ಮೇಲಿನ ನಿಷೇಧವನ್ನು ಇದರ ಜೊತೆ ಬೆರೆಸಬಾರದು. ರೋಡಮೈನ್ ಬಿ ಎಂಬ ವಿಷಕಾರಿ ಬಣ್ಣ ಸಿಕ್ಕಿದ್ದರಿಂದ 2024ರ ಫೆಬ್ರವರಿಯಲ್ಲಿ ತಮಿಳುನಾಡು ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಕ್ಕೆ ತಡೆ ಹಾಕಿತು. ಬಣ್ಣವಿಲ್ಲದ ಗೋಬಿ ಬಂತೆಂದರೆ ವಿಷದ ಭಯ ಹೋಯಿತೇ ಹೊರತು, ಎಣ್ಣೆ ಅಷ್ಟೇ ಇರುತ್ತದೆ.

ಮನೆಯಲ್ಲಿ, ಶಾಲೆಯಲ್ಲಿ

ಶಾಲೆ ಎದುರಿನ ಅಂಗಡಿಗೆ ಬೆಳಗಿನ ವ್ಯಾಪಾರ ಕೊಡುವುದು ಹಸಿದು ಬರುವ ಮಕ್ಕಳು. ಕೂಲಿಗೆ ಬೇಗ ಹೊರಡುವ ಮನೆಗಳಲ್ಲಿ ತಿಂಡಿ ಆಗಿರುವುದಿಲ್ಲ, ಕೈಗೆ ಕಾಸು ಕೊಟ್ಟು ಕಳಿಸುತ್ತಾರೆ. 2022ರ ಸೆಪ್ಟೆಂಬರ್ 15ರಂದು ಮಧುರೆಯಲ್ಲಿ ಆರಂಭವಾಗಿ, 2023ರ ಆಗಸ್ಟ್ 25ರಿಂದ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಣೆಯಾದ ಮುಖ್ಯಮಂತ್ರಿ ಬೆಳಗಿನ ಉಪಾಹಾರ ಯೋಜನೆಯಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಉಪ್ಪಿಟ್ಟು, ಪೊಂಗಲ್, ಕಿಚಡಿ, ತರಕಾರಿ ಸಾಂಬಾರು ಕೊಡುವ ವ್ಯವಸ್ಥೆ ಮಾಡಲಾಯಿತು. ಎಂ.ಜಿ.ಆರ್. 1982ರಲ್ಲಿ ವಿಸ್ತರಿಸಿದ ಮಧ್ಯಾಹ್ನದ ಊಟ ಮೊದಲೇ ಇತ್ತು. ಮಗು ಶಾಲೆಯ ತಿಂಡಿ ತಿನ್ನುತ್ತಿದೆಯೇ, ಅಥವಾ ಅದನ್ನು ಬಿಟ್ಟು ಅಂಗಡಿಗೆ ಹೋಗುತ್ತಿದೆಯೇ ಎಂದು ಮೇಷ್ಟರನ್ನು ಒಮ್ಮೆ ಕೇಳಿ ನೋಡಿ. ಶಾಲೆಯಲ್ಲಿ ತಿಂಡಿ ಇರುವ ದಿನ ಕೈಗೆ ಕಾಸು ಬೇಕಿಲ್ಲ.

ರಾಗಿಯ ವಿಷಯದಲ್ಲಿ ಧರ್ಮಪುರಿ ಜಿಲ್ಲೆ ಪುಣ್ಯ ಮಾಡಿದೆ. 2023ರ ಮೇ ತಿಂಗಳಲ್ಲಿ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಪಡಿತರ ಚೀಟಿಗೆ 2 ಕಿಲೊ ಅಕ್ಕಿಯ ಬದಲು 2 ಕಿಲೊ ರಾಗಿ ಕೊಡುವ ಯೋಜನೆ ಪ್ರಾಯೋಗಿಕವಾಗಿ ಶುರುವಾಯಿತು. ನಾವು ಮುದ್ದೆ ಎನ್ನುತ್ತೇವೆ, ಅವರು ಕಳಿ ಎನ್ನುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ, ಅಕ್ಕಿಗಿಂತ ನಾರು ಬಹಳ ಹೆಚ್ಚು. ಆದರೆ ರಾಗಿ ತಿಂದರೆ ಬೊಜ್ಜು ಕರಗುತ್ತದೆ ಎಂದು ಹೇಳುವುದನ್ನು ನಂಬಬೇಡಿ. ಕ್ಯಾಲೊರಿ ಅಕ್ಕಿಯಷ್ಟೇ ಇದೆ. ಬೇಗ ಹಸಿವಾಗುವುದಿಲ್ಲ, ಅದರಿಂದ ನಡುವೆ ಅಂಗಡಿ ನೆನಪಾಗುವುದು ಕಡಿಮೆ, ಅದೇ ಅದರ ಲಾಭ. ಅಂಗನವಾಡಿಯಲ್ಲಿ ಕೊಡುವ ಸತ್ತು ಮಾವು ಕೂಡ ಮಗುವಿಗೇ ಹೋಗಬೇಕು, ಮನೆಮಂದಿಗೆಲ್ಲ ಹಂಚಿ ಮುಗಿಸುವುದಲ್ಲ.

ಮೊಬೈಲ್ ತೋರಿಸುತ್ತ ತಿನ್ನಿಸುವ ಅಭ್ಯಾಸ ಹಳ್ಳಿಗೂ ಬಂದಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಸೂಚನೆಯಂತೆ 2ರಿಂದ 4 ವರ್ಷದ ಮಗುವಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಟಿವಿ, ಮೊಬೈಲ್ ಬೇಡ. ಮೂರು ಗಂಟೆಯಾದರೂ ಓಡಾಟ, ಆಟ ಬೇಕು. ಬೀದಿಯಲ್ಲಿ ಆಡಲು ಜಾಗ ಇರುವ ಊರುಗಳಲ್ಲಿ ಇದು ಇನ್ನೂ ಸುಲಭ.

ಪೊಟ್ಟಣ ಕೊಳ್ಳಲೇಬೇಕಾದರೆ ಹಿಂಭಾಗ ನೋಡಿ. ಯಾವ ಪದಾರ್ಥ ಹೆಚ್ಚಿದೆಯೋ ಅದರ ಹೆಸರು ಮೊದಲು ಬರೆದಿರುತ್ತದೆ. ಮೊದಲ ಮೂರರಲ್ಲಿ ಸಕ್ಕರೆ, ಪಾಮ್ ಎಣ್ಣೆ, ಮೈದಾ ಇದ್ದರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ. ಅಕ್ಷರ ಸಣ್ಣದು, ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಹೈಸ್ಕೂಲಿಗೆ ಹೋಗುವ ಅಕ್ಕನನ್ನೋ ಅಣ್ಣನನ್ನೋ ಓದಲು ಹೇಳಿ.

ಯಾವಾಗ ವೈದ್ಯರಿಗೆ ತೋರಿಸಬೇಕು

ಮಗುವಿನ ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ ಮಖಮಲ್ಲಿನಂತೆ ದಪ್ಪಗಾಗಿದ್ದರೆ ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದಾಗಿರಬಹುದು. ನಿದ್ದೆಯಲ್ಲಿ ಜೋರಾಗಿ ಗೊರಕೆ ಹೊಡೆಯುವುದು, ಸ್ವಲ್ಪ ಓಡಿದರೂ ಏದುಸಿರು, ಮೊಣಕಾಲು ನೋವು ಕಂಡರೂ ತೋರಿಸಬೇಕು. ಮಗು ದಪ್ಪಗಿದ್ದು ವಯಸ್ಸಿಗೆ ತಕ್ಕ ಎತ್ತರ ಬೆಳೆಯದೆ ಇದ್ದರೆ ತಡ ಮಾಡಬಾರದು, ಅದಕ್ಕೆ ಥೈರಾಯ್ಡ್‌ನಂಥ ಬೇರೆ ಕಾರಣ ಇರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುತ್ತದೆ. ಅವರು ಬರುವ ದಿನ ಮಗುವನ್ನು ತಪ್ಪದೆ ಕಳಿಸಿ. ತಮಿಳುನಾಡಿನ 104 ಆರೋಗ್ಯ ಸಹಾಯವಾಣಿಗೂ ಕರೆ ಮಾಡಿ ಕೇಳಬಹುದು.

ಬೆಳೆಯುವ ಮಗುವನ್ನು ಉಪವಾಸ ಕೆಡವಿ, ಊಟ ಕಡಿಮೆ ಮಾಡಿ ತೂಕ ಇಳಿಸಲು ಹೋಗಬಾರದು. ಹೆಚ್ಚಿನ ಚಿಕ್ಕ ಮಕ್ಕಳಲ್ಲಿ ತೂಕ ಇಳಿಸುವ ಅಗತ್ಯವಿರುವುದಿಲ್ಲ. ತೂಕ ಇದ್ದಲ್ಲೇ ನಿಂತು ಎತ್ತರ ಬೆಳೆದರೆ ಸಾಕು, ಆರು ತಿಂಗಳು ವರ್ಷದಲ್ಲಿ ಮಗು ಸರಿಹೋಗುತ್ತದೆ. ತೂಕ ಇಳಿಸುವ ಪುಡಿ, ಮಾತ್ರೆ ಮಕ್ಕಳಿಗೆ ಕೊಡಲೇಬಾರದು.